ಮಾರ್ಷಲ್ ರೊಕೊಸೊವ್‌ಸ್ಕಿ: ಜೈಲಿನಿಂದ ಬಂದು ಸೇನೆ ನಡೆಸಿದ ಸೋವಿಯತ್ ಜನರಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೋವಿಯತ್ ಮಾರ್ಷಲ್ ಜುಕೋವ್ ಹೆಸರು ಕೇಳಿದ್ದೇವೆ. ಈ ರೊಕೊಸೊವ್‌ಸ್ಕಿ ಯಾರು?

ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯನ್ನು ನಡೆಸಿದ ಘಟಾನುಘಟಿಗಳಲ್ಲಿ ಒಬ್ಬ, ಕಾನ್‌ಸ್ಟಾಂಟಿನ್ ರೊಕೊಸೊವ್‌ಸ್ಕಿ. 1941ರ ಕೊನೆಯಲ್ಲಿ ಜರ್ಮನರು ಮಾಸ್ಕೋ ಹೊಸ್ತಿಲಿಗೆ ಬಂದಾಗ ವೊಲೊಕೊಲಾಮ್ಸ್ಕ್ ರಸ್ತೆಯಲ್ಲಿ ಅಡ್ಡ ನಿಂತದ್ದು ಈತನ 16ನೇ ಸೇನೆ. ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ಜರ್ಮನ್ 6ನೇ ಸೇನೆಯನ್ನು ಶರಣಾಗಿಸಿದ್ದು ಈತನ ಕೈಕೆಳಗಿನ ಡಾನ್ ಫ್ರಂಟ್. (ಫ್ರಂಟ್ ಅಂದರೆ ಸೋವಿಯತ್ ಲೆಕ್ಕದಲ್ಲಿ ಹಲವು ಸೇನೆಗಳು ಸೇರಿದ ದೊಡ್ಡ ಪಡೆ. ಮುಂದೆಯೂ ಈ ಹೆಸರು ಬರುತ್ತಿರುತ್ತದೆ.) ಕುರ್ಸ್ಕ್‌ನ ಉತ್ತರದ ಮಗ್ಗುಲು ಕಾದದ್ದು, 1944ರಲ್ಲಿ ಬೆಲಾರೂಸ್‌ನ ಜೌಗು ದಾಟಿ ಜರ್ಮನರ ಸಾಲನ್ನು ಒಡೆದದ್ದು ಕೂಡ ಈತನೇ. 1943ರ ಏಪ್ರಿಲ್‌ನಲ್ಲಿ ಆರ್ಮಿ ಜನರಲ್ ಆದ, 1944ರ ಜೂನ್‌ನಲ್ಲಿ ಮಾರ್ಷಲ್.

ಇಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಯುದ್ಧ ಶುರು ಮಾಡುವುದಕ್ಕೆ ಒಂದೂಕಾಲು ವರ್ಷ ಮುಂಚೆ ತನಕ ಈತ ತನ್ನದೇ ದೇಶದ ಜೈಲಿನಲ್ಲಿದ್ದ, ಮಾಡದ ತಪ್ಪಿಗೆ ಪೆಟ್ಟು ತಿನ್ನುತ್ತಾ. ಅಲ್ಲಿಂದ ಬಂದವನು ಲಕ್ಷಗಟ್ಟಲೆ ಸೈನಿಕರನ್ನು ನಡೆಸಿದ, ಆದರೂ ಕೈಕೆಳಗಿನವರ ಮೇಲೆ ಕೂಗಾಡುವ, ಕೈ ಎತ್ತುವ ಜನರಲ್ ಆಗಲಿಲ್ಲ. ಆ ಕಾಲದ ಆ ಸೇನೆಯಲ್ಲಿ ಇದು ಎಷ್ಟು ಅಪರೂಪ ಅಂತ ತಿಳಿದವರಿಗೇ ಗೊತ್ತು. ಹಾಗಂತ ಈತನ ಬದುಕಿನಲ್ಲಿ ವಾರ್ಸಾ ಕೂಡ ಇದೆ, ಪೋಲೆಂಡಿನ ಏಳು ವರ್ಷಗಳೂ ಇವೆ. ಅವುಗಳನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಈತ ರಷ್ಯನ್ನಾ, ಪೋಲಿಷ್ಷಾ?

ತಂದೆ ಪೋಲಿಷ್, ಹೆಸರು ಕ್ಸಾವೆರಿ, ರೈಲ್ವೆ ನೌಕರ. ತಾಯಿ ಅಂತೊನಿನಾ ಟೀಚರ್, ಅವರು ಪೋಲಿಷ್ ಅಲ್ಲ. ಹುಟ್ಟಿದ್ದು 1896ರ ಡಿಸೆಂಬರ್ ಅನ್ನುವುದು ಅಧಿಕೃತ ಲೆಕ್ಕ. ಊರಿನ ವಿಷಯದಲ್ಲಿ ಮಾತ್ರ ಗೊಂದಲ ಇದೆ. ಯುದ್ಧಕ್ಕೆ ಮುಂಚೆ ತುಂಬಿದ ಫಾರಂಗಳಲ್ಲಿ ವಾರ್ಸಾ ಅಂತ ಬರೆದಿದ್ದ, ಯುದ್ಧ ಮುಗಿದ ಮೇಲೆ ಅದು ರಷ್ಯಾದ ವೆಲಿಕಿಯೆ ಲುಕಿ ಆಯಿತು. ಎರಡು ಸಲ ಸೋವಿಯತ್ ಒಕ್ಕೂಟದ ವೀರ ಬಿರುದು ಪಡೆದವರಿಗೆ ಹುಟ್ಟೂರಲ್ಲಿ ಪ್ರತಿಮೆ ನಿಲ್ಲಿಸುವ ಪದ್ಧತಿ ಇತ್ತು, ವಾರ್ಸಾ ಬೇರೆ ದೇಶದ ರಾಜಧಾನಿ, ಅಲ್ಲಿ ನಿಲ್ಲಿಸುವುದು ಹೇಗೆ ಅಂತ ಊರನ್ನೇ ಬದಲಾಯಿಸಿದರು ಎಂದು ಈತನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಪ್ರತಿಮೆ ಇರುವುದು ವೆಲಿಕಿಯೆ ಲುಕಿಯಲ್ಲೇ. ತಂದೆಯ ಹೆಸರೂ ಹಾಗೇ ಬದಲಾಯಿತು. ರಷ್ಯನ್ನರ ಬಾಯಿಗೆ ಕ್ಸಾವೆರಿಯೆವಿಚ್ ಹೊರಳದೆ ಕಾನ್‌ಸ್ಟಾಂಟಿನೊವಿಚ್ ಆಗಿಬಿಟ್ಟಿತು.

ಆದರೆ ಬೆಳೆದದ್ದು ವಾರ್ಸಾದಲ್ಲೇ, ಅದರಲ್ಲಿ ಅನುಮಾನ ಇಲ್ಲ. ಅಪ್ಪ ಬೇಗ ತೀರಿಕೊಂಡ, ಹುಡುಗನಿಗೆ ಹದಿನೈದು ತುಂಬುವ ಮೊದಲೇ ಅಮ್ಮನೂ ಹೋದಳು. ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದ, ಆಮೇಲೆ ಸಂಬಂಧಿಕರ ಬಳಿ ಕಲ್ಲು ಕೆತ್ತುವ ಕೆಲಸ ಕಲಿತ. ವಿಸ್ತುಲಾ ನದಿಯ ಮೇಲಿನ ಪೊನ್ಯಾತೊವ್‌ಸ್ಕಿ ಸೇತುವೆಯ ಕಲ್ಲಿನ ಕೆಲಸದಲ್ಲಿ ಈತನ ಕೈಯೂ ಇತ್ತು. ಮೂವತ್ತು ವರ್ಷದ ನಂತರ ಅದೇ ನದಿಯ ಆಚೆ ದಡದಲ್ಲಿ ಬಂದು ನಿಂತದ್ದನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಸೇನೆಗೆ ಸೇರಿದ್ದು ಯಾವಾಗ?

1914ರ ಆಗಸ್ಟ್, ಮೊದಲ ಮಹಾಯುದ್ಧ ಶುರುವಾದ ಕೂಡಲೇ. ತ್ಸಾರ್ ಸೇನೆಯ 5ನೇ ಕಾರ್ಗೊಪೊಲ್ ಕುದುರೆ ರೆಜಿಮೆಂಟ್. ಸೇರಿ ಕೆಲವೇ ದಿನಕ್ಕೆ ಮಾಮೂಲಿ ಬಟ್ಟೆ ತೊಟ್ಟು ನೋವೆ ಮ್ಯಾಸ್ತೊ ಅನ್ನುವ ಊರಿಗೆ ಒಬ್ಬನೇ ಹೋಗಿ ಜರ್ಮನರು ಎಷ್ಟಿದ್ದಾರೆ, ಎಲ್ಲಿದ್ದಾರೆ ಅಂತ ನೋಡಿಕೊಂಡು ಬಂದ. ಸ್ಥಳೀಯ ಭಾಷೆ ಮಾತಾಡುವ ಹುಡುಗ, ಯಾರಿಗೂ ಸಂಶಯ ಬರಲಿಲ್ಲ. ಸೇಂಟ್ ಜಾರ್ಜ್ ಕ್ರಾಸ್ ಸಿಕ್ಕಿತು.

1917ರಲ್ಲಿ ಕ್ರಾಂತಿಯಾದಾಗ ಕಮ್ಯುನಿಸ್ಟರ ಕೆಂಪು ಪಡೆ ಸೇರಿದ. ಅಂತರ್ಯುದ್ಧದಲ್ಲಿ ಉರಾಲ್, ಸೈಬೀರಿಯಾ ಕಡೆ ಕೊಲ್ಚಾಕ್‌ನ ಬಿಳಿ ಸೇನೆಯ (ಕಮ್ಯುನಿಸ್ಟ್ ವಿರೋಧಿಗಳ ಪಡೆ) ವಿರುದ್ಧ ಹೋರಾಡಿದ. 1919ರ ನವೆಂಬರ್‌ನಲ್ಲಿ ಎದುರಾಳಿ ಅಧಿಕಾರಿಯೊಬ್ಬನನ್ನು ಕತ್ತಿಯಿಂದ ಕಡಿಯುವಾಗ ಆತ ಹಾರಿಸಿದ ಗುಂಡು ಭುಜಕ್ಕೆ ಬಿತ್ತು. 1921ರಲ್ಲಿ ಮಂಗೋಲಿಯಾ ಗಡಿಯಲ್ಲಿ ಬಿಳಿಯರ ಕಡೆಯ ಬ್ಯಾರನ್ ಉಂಗೆರ್ನ್ ಪಡೆಗಳ ಜೊತೆ ಕಾದಾಡುವಾಗ ಕಾಲಿಗೆ ಪೆಟ್ಟಾಯಿತು. ಅದೇ ಗಡಿಯ ಕ್ಯಾಖ್ತಾ ಊರಲ್ಲಿ ಯೂಲಿಯಾ ಅನ್ನುವ ಹುಡುಗಿಯನ್ನು ಕಂಡು 1923ರಲ್ಲಿ ಮದುವೆಯಾದ. 1925ರಲ್ಲಿ ಮಗಳು ಅರಿಯಾದ್ನಾ ಹುಟ್ಟಿದಳು.

ಜುಕೋವ್‌ಗೂ ಈತನಿಗೂ ಮೊದಲಿಂದ ಪರಿಚಯ ಇತ್ತಾ?

ಚೆನ್ನಾಗೇ ಇತ್ತು. 1924-25ರಲ್ಲಿ ಲೆನಿನ್‌ಗ್ರಾಡ್‌ನ ಕುದುರೆ ಪಡೆ ಶಾಲೆಯಲ್ಲಿ ಇಬ್ಬರೂ ಒಂದೇ ಬ್ಯಾಚ್. ಜೊತೆಗೆ ಬಗ್ರಾಮ್ಯಾನ್, ಯೆರೆಮೆಂಕೊ ಕೂಡ ಇದ್ದರು. ನಾಲ್ವರೂ ಮುಂದೆ ಮಾರ್ಷಲ್‌ಗಳಾದರು! 1930ರಲ್ಲಿ ರೊಕೊಸೊವ್‌ಸ್ಕಿ 7ನೇ ಸಮಾರಾ ಕುದುರೆ ಡಿವಿಷನ್ನಿನ ಕಮಾಂಡರ್ ಆದಾಗ ಜುಕೋವ್ ಆತನ ಕೈಕೆಳಗೆ ಬ್ರಿಗೇಡ್ ಕಮಾಂಡರ್. ಆಗ ಜುಕೋವ್ ಬಗ್ಗೆ ಬರೆದುಕೊಟ್ಟ ವರದಿ ಇವತ್ತಿಗೂ ಸಿಗುತ್ತದೆ: ಗಟ್ಟಿ ಮನಸ್ಸು, ನಿರ್ಧಾರ ತೆಗೆದುಕೊಳ್ಳುವ ತಾಕತ್ತು ಇದೆ, ಆದರೆ ಹಟ ಜಾಸ್ತಿ, ಸ್ವಾಭಿಮಾನ ಅತಿಯಾಯಿತು, ಪಾಠ ಹೇಳುವ ಇಲ್ಲವೇ ಆಫೀಸಿನಲ್ಲಿ ಕೂರುವ ಕೆಲಸಕ್ಕೆ ಹಾಕಬೇಡಿ ಅನ್ನುವ ಅರ್ಥದಲ್ಲಿ. ಹತ್ತು ವರ್ಷದಲ್ಲಿ ಲೆಕ್ಕ ತಿರುಗಿತು, ಜುಕೋವ್ ಮೇಲೆ, ಈತ ಕೆಳಗೆ. ಯುದ್ಧದುದ್ದಕ್ಕೂ ಇವರಿಬ್ಬರ ನಡುವೆ ಗೌರವವೂ ಇತ್ತು, ತಿಕ್ಕಾಟವೂ ಇತ್ತು.

ಜೈಲಿಗೆ ಹಾಕಿದ್ದು ಯಾಕೆ?

1937, ಸ್ಟಾಲಿನ್ ತನ್ನದೇ ಸೇನೆಯ ಅಧಿಕಾರಿಗಳನ್ನು ಸಾವಿರಗಟ್ಟಲೆ ಹಿಡಿದು ಹಾಕಿಸುತ್ತಿದ್ದ ವರ್ಷ. ರೊಕೊಸೊವ್‌ಸ್ಕಿ ಪೋಲಿಷ್ ಮೂಲದವನು, ದೂರಪ್ರಾಚ್ಯದಲ್ಲಿ ಜಪಾನ್ ಹಿಡಿದಿದ್ದ ಮಂಚೂರಿಯಾದ ಗಡಿ ಹತ್ತಿರ ಕೆಲಸ ಮಾಡಿದವನು. ಪೋಲೆಂಡಿನ ಗೂಢಚಾರ, ಜಪಾನಿನ ಗೂಢಚಾರ ಅಂತ ಎರಡೂ ಆರೋಪ ಹೊರಿಸಲು ಅಷ್ಟು ಸಾಕಾಯಿತು. ಆಗಸ್ಟ್‌ನಲ್ಲಿ ಬಂಧಿಸಿ ಲೆನಿನ್‌ಗ್ರಾಡ್ ಜೈಲಿಗೆ ಹಾಕಿದರು. ಹೆಂಡತಿ, ಮಗಳನ್ನು ದೂರದ ಅರ್ಮಾವಿರ್ ಊರಿಗೆ ಕಳಿಸಿಬಿಟ್ಟರು. ದೇಶದ್ರೋಹಿಯ ಹೆಂಡತಿ ಅನ್ನುವ ಹಣೆಪಟ್ಟಿ ಹೊತ್ತು ಯೂಲಿಯಾ ಅಲ್ಲಿ ಸಿಕ್ಕ ಕೆಲಸ ಮಾಡಿಕೊಂಡು ಮಗಳನ್ನು ಸಾಕಿದಳು.

ಜೈಲಲ್ಲಿ ಒಂಬತ್ತು ಹಲ್ಲು ಉದುರಿಸಿದರು, ಮೂರು ಪಕ್ಕೆಲುಬು ಮುರಿದರು, ಕಾಲ್ಬೆರಳ ಮೇಲೆ ಸುತ್ತಿಗೆಯಲ್ಲಿ ಹೊಡೆದರು, ಗುಂಡಿಕ್ಕುತ್ತೇವೆ ಅಂತ ಕರೆದುಕೊಂಡು ಹೋಗಿ ಸುಳ್ಳುಸುಳ್ಳೇ ನಿಲ್ಲಿಸಿ ವಾಪಸ್ ತಂದರು ಎಂದು ಈತನ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಉದುರಿದ ಜಾಗಕ್ಕೆ ಲೋಹದ ಹಲ್ಲು ಬಂತು.

ಆದರೂ ತಪ್ಪೊಪ್ಪಿಗೆಗೆ ಸಹಿ ಹಾಕಲಿಲ್ಲ ಅನ್ನುತ್ತಾರೆ. ನಿಜವಾ?

ಹೌದು, ತನ್ನ ಮೇಲೂ ಸಹಿ ಹಾಕಲಿಲ್ಲ, ಬೇರೆಯವರ ಹೆಸರೂ ಹೇಳಲಿಲ್ಲ. ನನ್ನ ಮಟ್ಟಿಗೆ ಈತನ ಇಡೀ ಬದುಕಿನ ಅತಿ ದೊಡ್ಡ ಗೆಲುವು ಇದೇ. ಆಗ ಸಹಿ ಹಾಕಿದವರನ್ನು ಹೇಡಿ ಅನ್ನುವ ಹಕ್ಕು ನಮಗಿಲ್ಲ, ಆ ಪೆಟ್ಟಿಗೆ ಎಂಥವರೂ ಸೋಲುತ್ತಾರೆ. ಆದರೆ ಸಹಿ ಹಾಕಿದವರಲ್ಲಿ ಬಹಳ ಜನ ಕೂಡಲೇ ಗುಂಡಿಗೆ ಬಲಿಯಾದರು ಅನ್ನುವುದೂ ಅಷ್ಟೇ ನಿಜ.

ಒಂದು ಕಥೆ ತುಂಬಾ ಓಡಾಡುತ್ತದೆ. ಈತನ ವಿರುದ್ಧ ಯುಶ್ಕೆವಿಚ್ ಎಂಬ ಹಳೆಯ ಸಹೋದ್ಯೋಗಿಯ ಹೇಳಿಕೆ ತಂದರಂತೆ, ಆತ 1920ರಲ್ಲೇ ಯುದ್ಧದಲ್ಲಿ ಸತ್ತಿದ್ದಾನಲ್ಲ ಅಂತ ಈತ ಕೇಳಿದನಂತೆ, ಅಲ್ಲಿಗೆ ಕೇಸು ಕುಂಟಿತಂತೆ. ಕಥೆ ಚೆನ್ನಾಗಿದೆ, ಆದರೆ ಇದನ್ನು ಕಥೆಯಾಗಿಯೇ ಇಟ್ಟುಕೊಳ್ಳಿ. ಗಟ್ಟಿಯಾಗಿ ಗೊತ್ತಿರುವುದು ಇಷ್ಟು: 1940ರ ಮಾರ್ಚ್ 22ರಂದು ಬಿಡುಗಡೆ ಆಯಿತು, ಹುದ್ದೆಯೂ ಪದಕಗಳೂ ವಾಪಸ್ ಬಂದವು. ಫಿನ್ಲೆಂಡ್ ಯುದ್ಧದಲ್ಲಿ ಸೋವಿಯತ್ ಸೇನೆ ಮುಖಭಂಗ ಅನುಭವಿಸಿತ್ತು, ಅನುಭವಿ ಅಧಿಕಾರಿಗಳು ಬೇಕಾಗಿದ್ದರು.

ಸ್ಟಾಲಿನ್ ಮೇಲೆ ಸಿಟ್ಟು ಇರಲಿಲ್ವಾ?

ಬಾಯಿ ಬಿಟ್ಟು ಹೇಳಲಿಲ್ಲ. ಕೊನೆಗಾಲದಲ್ಲಿ ಬರೆದ ನೆನಪುಗಳ ಪುಸ್ತಕ ಶುರುವಾಗುವುದೇ ಹೀಗೆ: 1940ರ ವಸಂತದಲ್ಲಿ ಕುಟುಂಬದ ಜೊತೆ ಸೋಚಿಗೆ ಹೋಗಿದ್ದೆ, ಆಮೇಲೆ ರಕ್ಷಣಾ ಮಂತ್ರಿ ತಿಮೊಶೆಂಕೊ ಕರೆಸಿಕೊಂಡರು. ಅಷ್ಟೇ. ಅದಕ್ಕೆ ಮುಂಚಿನ ಎರಡೂವರೆ ವರ್ಷ ಎಲ್ಲಿದ್ದೆ ಅನ್ನುವ ಮಾತೇ ಇಲ್ಲ. ಬರೆದಿದ್ದರೂ 1968ರಲ್ಲಿ ಅಚ್ಚಾಗುತ್ತಿರಲಿಲ್ಲ ಅನ್ನಿ.

ಮನೆಯಲ್ಲಿ ಮಾತ್ರ ಸದಾ ಪಿಸ್ತೂಲು ಇಟ್ಟುಕೊಂಡಿರುತ್ತಿದ್ದ, ಯಾಕೆ ಅಂತ ಮಗಳು ಕೇಳಿದ್ದಕ್ಕೆ ಇನ್ನೊಂದು ಸಲ ಬಂದರೆ ಜೀವಂತ ಸಿಗುವುದಿಲ್ಲ ಅಂದಿದ್ದ ಎಂದು ಕುಟುಂಬದವರು ನೆನಪಿಸಿಕೊಂಡಿದ್ದಾರೆ. ಸ್ಟಾಲಿನ್ ಇತ್ತ ಈತನನ್ನು ಕಾನ್‌ಸ್ಟಾಂಟಿನ್ ಕಾನ್‌ಸ್ಟಾಂಟಿನೊವಿಚ್ ಅಂತ ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದ. ರಷ್ಯನ್ನರಲ್ಲಿ ಅದು ಮರ್ಯಾದೆಯ ಕರೆ. ಸ್ಟಾಲಿನ್ ಬಾಯಲ್ಲಿ ಆ ಮರ್ಯಾದೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಜನಕ್ಕೆ.

ಜರ್ಮನಿ ದಾಳಿ ಮಾಡಿದ ದಿನ, 1941ರ ಜೂನ್ 22ರಂದು ಎಲ್ಲಿದ್ದ?

ಉಕ್ರೇನಿನಲ್ಲಿ, 9ನೇ ಮೆಕನೈಸ್ಡ್ ಕೋರ್ (ಟ್ಯಾಂಕ್, ಲಾರಿಗಳಲ್ಲಿ ಸಾಗಬೇಕಾದ ದೊಡ್ಡ ಪಡೆ) ಕಮಾಂಡರ್ ಆಗಿ. ಹೆಸರಿಗೆ ಮೆಕನೈಸ್ಡ್. ಇರಬೇಕಾದಷ್ಟು ಟ್ಯಾಂಕ್ ಇರಲಿಲ್ಲ, ಇದ್ದವು ಹಳೇ ಮಾದರಿಯವು, ಕಾಲಾಳುಗಳನ್ನು ಹೊತ್ತೊಯ್ಯಲು ಲಾರಿಗಳೂ ಇಲ್ಲ. ಸೈನಿಕರು ಸುಡುವ ಬಿಸಿಲಲ್ಲಿ ಮದ್ದುಗುಂಡು ಹೆಗಲ ಮೇಲೆ ಹೊತ್ತು ಮೊದಲ ದಿನವೇ ಸುಮಾರು 50 ಕಿಲೋಮೀಟರ್ ನಡೆದರು. ಮೇಲಿನವರ ಜೊತೆ ಸಂಪರ್ಕ ತಪ್ಪಿತ್ತು. ಈತ ಕಾಯುತ್ತಾ ಕೂರಲಿಲ್ಲ. ಗೋದಾಮು ತೆಗೆಸಿದ, ಲಾರಿ, ಇಂಧನ, ಮದ್ದುಗುಂಡು ಎತ್ತಿಸಿದ. ಉಗ್ರಾಣದ ಅಧಿಕಾರಿಗಳು ಆದೇಶ ಎಲ್ಲಿ ಅಂತ ಅಡ್ಡ ಬಂದರೆ ತಾನೇ ರಸೀದಿ ಬರೆದುಕೊಟ್ಟ. ಬದುಕಿನಲ್ಲಿ ಅಷ್ಟು ರಸೀದಿ ಎಂದೂ ಬರೆದಿರಲಿಲ್ಲ ಅಂತ ಆಮೇಲೆ ನೆನಪಿಸಿಕೊಂಡಿದ್ದಾನೆ. ಒಂದು ವರ್ಷದ ಹಿಂದೆ ಜೈಲಿನಿಂದ ಬಂದವನು, ಅಪ್ಪಣೆ ಇಲ್ಲದೆ ಸರ್ಕಾರಿ ಗೋದಾಮು ತೆಗೆಸಿ ಕೆಳಗೆ ತನ್ನ ಸಹಿ ಹಾಕುವುದು ಅಂದರೆ ಸಣ್ಣ ಧೈರ್ಯ ಅಲ್ಲ.

ಡುಬ್ನೊ ಸುತ್ತಮುತ್ತಲಿನ ಟ್ಯಾಂಕ್ ಕಾಳಗದಲ್ಲಿ ಸೋವಿಯತ್ ಪಡೆಗಳು ಸೋತವು. ಆದರೆ ಈತನ ಪಡೆ ಚೆಲ್ಲಾಪಿಲ್ಲಿ ಆಗದೆ ಹಿಂದೆ ಸರಿಯಿತು. ಜುಲೈನಲ್ಲಿ ಸ್ಮೊಲೆನ್ಸ್ಕ್ ಕಡೆಗೆ ಕರೆಸಿಕೊಂಡರು.

ಸೈನಿಕರು ಈತನನ್ನು ಅಷ್ಟು ಹಚ್ಚಿಕೊಂಡದ್ದು ಯಾಕೆ?

ಒಂದು ಘಟನೆ ಹೇಳುತ್ತೇನೆ. 1941ರ ಬೇಸಿಗೆ, ಸ್ಮೊಲೆನ್ಸ್ಕ್ ಹತ್ತಿರದ ಯಾರ್ತ್ಸೆವೊ. ಸೇನೆಯ ಕೈಪಿಡಿ ಪ್ರಕಾರ ಪ್ರತಿ ಸೈನಿಕನೂ ತನ್ನದೇ ಒಂಟಿ ಗುಂಡಿ ತೋಡಿಕೊಂಡು ಅದರೊಳಗೆ ಕೂತು ಗುಂಡು ಹಾರಿಸಬೇಕು. ಶೆಲ್ ಬಿದ್ದರೆ ಒಬ್ಬನೇ ಸಾಯುತ್ತಾನೆ, ಸಾಲಾಗಿ ಹತ್ತು ಜನ ಸಾಯುವುದಿಲ್ಲ ಅನ್ನುವ ಲೆಕ್ಕ. ರೊಕೊಸೊವ್‌ಸ್ಕಿ ಅಂಥ ಒಂದು ಗುಂಡಿಯ ಹತ್ತಿರ ಹೋದ, ಅಲ್ಲಿದ್ದ ಸೈನಿಕನನ್ನು ಬದಿಗೆ ಕಳಿಸಿ ತಾನೇ ಇಳಿದು ಕೂತ. ಎಡಕ್ಕೆ, ಬಲಕ್ಕೆ ಜೊತೆಗಾರರು ಇದ್ದಾರೆ ಅಂತ ಗೊತ್ತು, ಆದರೆ ಯಾರೂ ಕಾಣುವುದಿಲ್ಲ. ಶೆಲ್ ಸಿಡಿಯುತ್ತಿದೆ. ಪಕ್ಕದವನು ಬದುಕಿದ್ದಾನಾ, ಓಡಿಹೋದನಾ, ತಾನೊಬ್ಬನೇ ಉಳಿದೆನಾ ಅನ್ನುವುದು ತಿಳಿಯುವುದಿಲ್ಲ. ಎಷ್ಟೋ ಕಾಳಗ ಕಂಡ ತನಗೇ ಎದ್ದು ಹೋಗಿ ಜೊತೆಗಾರರು ಇದ್ದಾರಾ ಅಂತ ನೋಡಿ ಬರೋಣ ಅನ್ನಿಸಿತು, ಮೊದಲ ಸಲ ಯುದ್ಧ ಕಾಣುವ ಹುಡುಗನ ಗತಿ ಏನು ಅಂತ ಬರೆದಿದ್ದಾನೆ. ಗುಂಡಿ ಬಿಟ್ಟು ಉದ್ದದ ಕಂದಕ ತೋಡಿಸಿ ಅಂತ ಮೇಲಕ್ಕೆ ಬರೆದ, ತನ್ನ ಪಡೆಯಲ್ಲಿ ಹಾಗೇ ಮಾಡಿಸಿದ. ಅಕ್ಕಪಕ್ಕ ಮನುಷ್ಯರು ಇದ್ದರೆ ಭಯ ಹಂಚಿಹೋಗುತ್ತದೆ, ಕಮಾಂಡರ್ ಓಡಾಡಿಕೊಂಡು ಎಲ್ಲರ ಕಣ್ಣಿಗೂ ಬೀಳುತ್ತಾನೆ.

ನಕ್ಷೆ ನೋಡಿ ಯುದ್ಧ ಮಾಡುವವರು ತುಂಬಾ ಜನ ಇದ್ದರು. ಗುಂಡಿಗೆ ಇಳಿದು ನೋಡಿದವರು ಕಮ್ಮಿ. ಎತ್ತರದ ಆಳು, ಸದ್ದಿಲ್ಲದ ಮಾತು, ಕೆಳಗಿನವರನ್ನೂ ಬಹುವಚನದಲ್ಲಿ ಮಾತಾಡಿಸುವ ರೂಢಿ. ಜನ ನೆನಪಿಟ್ಟುಕೊಂಡದ್ದು ಇದನ್ನೇ.

ಮಾಸ್ಕೋದ ಪಶ್ಚಿಮಕ್ಕಿರುವ ವ್ಯಾಜ್ಮಾ ಊರಲ್ಲಿ ಸೇನೆ ಬಿಟ್ಟು ಓಡಿಬಂದ ಅನ್ನುವ ಮಾತು ಇದೆಯಲ್ಲ?

ಸುಮ್ನೆ ಹಬ್ಬಿಸಿದ ಮಾತು. 1941ರ ಅಕ್ಟೋಬರ್ 5ರ ಸಂಜೆ ಒಂದು ವಿಚಿತ್ರ ಆದೇಶ ಬಂತು: ನಿನ್ನ ಪಡೆಗಳನ್ನೆಲ್ಲ ಪಕ್ಕದ 20ನೇ ಸೇನೆಗೆ ಒಪ್ಪಿಸು, ನಿನ್ನ ಕಚೇರಿಯವರನ್ನು ಮಾತ್ರ ಕರೆದುಕೊಂಡು ವ್ಯಾಜ್ಮಾಗೆ ಹೋಗು, ಅಲ್ಲಿ ಹೊಸ ಪಡೆಗಳು ಸಿಗುತ್ತವೆ. ಜೈಲು ಕಂಡವನು, ಹುಷಾರಾದ. ಕಮಾಂಡರ್ ಸಹಿ ಇರುವ ಕಾಗದವೇ ಬೇಕು ಅಂದ. ರಾತ್ರಿ ವಿಮಾನದಲ್ಲಿ ಕಾಗದ ಬಂತು.

ವ್ಯಾಜ್ಮಾ ತಲುಪಿದರೆ ಪಡೆಗಳೇ ಇಲ್ಲ. ಅಧಿಕಾರಿಗಳೆಲ್ಲ ಚರ್ಚ್ ನೆಲಮಾಳಿಗೆಯಲ್ಲಿ ಸೇರಿ ಮಾತಾಡುತ್ತಿರುವಾಗಲೇ ಜರ್ಮನ್ ಟ್ಯಾಂಕ್‌ಗಳು ಊರೊಳಗೆ ಬಂದವು. ಹೇಗೋ ತಪ್ಪಿಸಿಕೊಂಡು, ದಾರಿಯಲ್ಲಿ ಸಿಕ್ಕ ಚದುರಿದ ಸೈನಿಕರನ್ನು ಸೇರಿಸಿಕೊಂಡು, ಮುತ್ತಿಗೆಯಿಂದ ಹೊರಬಿದ್ದ. ಫ್ರಂಟ್ ಕಚೇರಿಯಲ್ಲಿ ಸ್ಟಾಲಿನ್‌ನ ಆಪ್ತರಾದ ವೊರೊಶಿಲೊವ್, ಮೊಲೊಟೊವ್ ಎಲ್ಲ ಕೂತಿದ್ದರು. ಪಡೆ ಇಲ್ಲದೆ ಕಚೇರಿಯವರ ಜೊತೆ ವ್ಯಾಜ್ಮಾದಲ್ಲಿ ಏನು ಮಾಡುತ್ತಿದ್ದೆ ಅಂತ ವೊರೊಶಿಲೊವ್ ಕೇಳಿದ. ಈತ ಕಾಗದ ತೆಗೆದು ತೋರಿಸಿದ. ಆ ಕಾಗದ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಮಾಸ್ಕೋ ಕಾಳಗದಲ್ಲಿ ಜುಕೋವ್ ಜೊತೆ ಜಗಳ ಆಗಿದ್ದು ಯಾವುದಕ್ಕೆ?

ಇಸ್ತ್ರಾ ನದಿಗೆ. 1941ರ ನವೆಂಬರ್, ಜನರಲ್ ಪ್ಯಾನ್‌ಫಿಲೊವ್‌ನ 316ನೇ ಡಿವಿಷನ್ ಸೇರಿದಂತೆ 16ನೇ ಸೇನೆ ಸವೆದುಹೋಗಿತ್ತು. (ಪ್ಯಾನ್‌ಫಿಲೊವ್ ಅದೇ ನವೆಂಬರ್ 18ರಂದು ಸತ್ತ.) ಹಿಂದೆ ಇಸ್ತ್ರಾ ನದಿ ಮತ್ತು ಜಲಾಶಯ ಇವೆ, ಈಗಲೇ ಅಲ್ಲಿಗೆ ಸರಿದು ನಿಂತರೆ ಕಡಿಮೆ ಜನರಿಂದ ತಡೆಯಬಹುದು, ತಡ ಮಾಡಿದರೆ ಜರ್ಮನರು ನಮ್ಮ ಬೆನ್ನಿಗೇ ನದಿ ದಾಟುತ್ತಾರೆ ಅನ್ನುವುದು ಈತನ ವಾದ. ಜುಕೋವ್ ಒಪ್ಪಲಿಲ್ಲ. ಈತ ಜುಕೋವ್ ತಲೆ ಮೇಲಿಂದ ಜನರಲ್ ಸ್ಟಾಫ್ ಮುಖ್ಯಸ್ಥ ಶಾಪೊಶ್ನಿಕೊವ್‌ಗೆ ಬರೆದ, ಒಪ್ಪಿಗೆ ಸಿಕ್ಕಿತು. ಕೆಲವೇ ಗಂಟೆಯಲ್ಲಿ ಜುಕೋವ್ ತಂತಿ ಬಂತು: ಫ್ರಂಟ್‌ಗೆ ಕಮಾಂಡರ್ ನಾನು, ಆ ಆದೇಶ ರದ್ದು, ಒಂದು ಹೆಜ್ಜೆ ಹಿಂದಿಡಬಾರದು. ಕೊನೆಗೆ ಜರ್ಮನರು ಇಸ್ತ್ರಾ ದಾಟಿಯೇಬಿಟ್ಟರು. ಜುಕೋವ್ ಪರವೂ ಒಂದು ಮಾತಿದೆ. ಆತ ಒಂದು ಸೇನೆಯನ್ನಲ್ಲ, ಇಡೀ ಸಾಲನ್ನು ನೋಡಬೇಕಿತ್ತು, ಒಬ್ಬನಿಗೆ ಸರಿಯಲು ಬಿಟ್ಟರೆ ಪಕ್ಕದವರ ಮಗ್ಗುಲು ಬಯಲಾಗುತ್ತದೆ. ಆದರೂ ಈ ವಿಷಯದಲ್ಲಿ ನನ್ನ ಮತ ರೊಕೊಸೊವ್‌ಸ್ಕಿಗೇ.

ಮರುವರ್ಷ ಮಾರ್ಚ್ 8ರಂದು ಸುಖಿನಿಚಿಯಲ್ಲಿ ಕಚೇರಿ ಹತ್ತಿರ ಸಿಡಿದ ಶೆಲ್ ಚೂರು ಒಳಹೊಕ್ಕು ಸಾವಿನ ಬಾಗಿಲು ತಟ್ಟಿ ಬಂದ.

ಸ್ಟಾಲಿನ್‌ಗ್ರಾಡ್ ಗೆದ್ದದ್ದು ಈತನಾ?

ಒಬ್ಬನೇ ಅಲ್ಲ. ನಗರದೊಳಗೆ ಕಚ್ಚಿ ನಿಂತದ್ದು ಚುಯಿಕೊವ್‌ನ 62ನೇ ಸೇನೆ. ಮುತ್ತಿಗೆ ಹಾಕಿದ್ದು ವಾತುತಿನ್, ಯೆರೆಮೆಂಕೊ ಮತ್ತು ಈತ, ಮೂರು ಫ್ರಂಟ್ ಸೇರಿ. ಸಿಕ್ಕಿಬಿದ್ದ ಜರ್ಮನರನ್ನು ಮುಗಿಸುವ ಕೆಲಸ ಮಾತ್ರ ಈತನ ಡಾನ್ ಫ್ರಂಟ್‌ಗೆ ಬಂತು. 1943ರ ಜನವರಿ 8ರಂದು ಶರಣಾಗಿ ಅಂತ ಪತ್ರ ಕಳಿಸಿದರು. ಜರ್ಮನರು ಒಪ್ಪಲಿಲ್ಲ. 10ರಂದು ದಾಳಿ ಶುರು, 31ರಂದು ಫೀಲ್ಡ್ ಮಾರ್ಷಲ್ ಪೌಲುಸ್ ಸೆರೆ, ಫೆಬ್ರವರಿ 2ಕ್ಕೆ ಎಲ್ಲ ಮುಗಿಯಿತು. ಸುಮಾರು 91,000 ಸೈನಿಕರು ಸೆರೆಯಾದರು. ಹಸಿವು, ಚಳಿ, ಟೈಫಸ್‌ನಿಂದ ಆಗಲೇ ಅರ್ಧ ಸತ್ತಿದ್ದ ಅವರಲ್ಲಿ ತಿರುಗಿ ಮನೆ ಸೇರಿದವರು ಐದಾರು ಸಾವಿರ ಮಾತ್ರ.

ಪೌಲುಸ್‌ನನ್ನು ಜವಾರಿಕಿನೊ ಹಳ್ಳಿಯ ಒಂದು ಮನೆಗೆ ಕರೆತಂದಾಗ ಮೇಜಿನ ಆಚೆ ಕೂತಿದ್ದವರು ರೊಕೊಸೊವ್‌ಸ್ಕಿ ಮತ್ತು ಫಿರಂಗಿ ಪಡೆಯ ವೊರೊನೊವ್. ಸಿಗರೇಟು ಕೊಟ್ಟರು, ಬಿಸಿ ಟೀ ಕೊಟ್ಟರು. ಇನ್ನೂ ಹೋರಾಡುತ್ತಿರುವ ಉತ್ತರದ ಗುಂಪಿಗೆ ಶರಣಾಗಲು ಹೇಳಿ, ಸುಮ್ಮನೆ ಜೀವ ಯಾಕೆ ಕಳೆಯಬೇಕು ಅಂತ ಕೇಳಿದರು. ನಾನೀಗ ಕೈದಿ, ಆದೇಶ ಕೊಡುವ ಹಕ್ಕಿಲ್ಲ ಅಂತ ಪೌಲುಸ್ ಒಪ್ಪಲಿಲ್ಲ.

ಕುರ್ಸ್ಕ್‌ನಲ್ಲಿ ಏನು ಮಾಡಿದ?

ಜರ್ಮನರು ಎಲ್ಲಿ ನುಗ್ಗುತ್ತಾರೆ ಅಂತ ಸರಿಯಾಗಿ ಊಹಿಸಿ ಅಲ್ಲೇ ಫಿರಂಗಿಗಳನ್ನು ಒಟ್ಟಿಗೆ ನಿಲ್ಲಿಸಿದ. 1943ರ ಜುಲೈ 5ರ ರಾತ್ರಿ ಸೆರೆಸಿಕ್ಕ ಜರ್ಮನ್ ಸೈನಿಕನೊಬ್ಬ ಇನ್ನು ಸ್ವಲ್ಪ ಹೊತ್ತಿಗೆ ದಾಳಿ ಅಂತ ಬಾಯಿಬಿಟ್ಟ. ನಂಬುವುದೋ ಬೇಡವೋ? ಮಾಸ್ಕೋ ಕೇಳುವಷ್ಟು ಸಮಯ ಇಲ್ಲ. 2 ಗಂಟೆ 20 ನಿಮಿಷಕ್ಕೆ ಫಿರಂಗಿ ಹಾರಿಸಲು ಹೇಳಿದ. ಜರ್ಮನ್ ಜನರಲ್ ಮೋಡೆಲ್‌ನ 9ನೇ ಸೇನೆ ಪೊನಿರಿ ಊರಿನ ಸುತ್ತ ತಲೆ ಚಚ್ಚಿಕೊಂಡು 10-12 ಕಿಲೋಮೀಟರ್ ಮುಂದೆ ಬಂದು ಅಲ್ಲೇ ನಿಂತಿತು.

ಸ್ಟಾಲಿನ್ ಎದುರು ಹಟ ಹಿಡಿದು ನಿಂತ ಕಥೆ ಯಾವುದು?

ಎಲ್ಲರಿಗೂ ಪ್ರಿಯವಾದ ಕಥೆ ಇದು. 1944ರ ಮೇ, ಬೆಲಾರೂಸ್ ಬಿಡಿಸುವ ಬಗ್ರಾತಿಯೋನ್ ಕಾರ್ಯಾಚರಣೆಯ ತಯಾರಿ. ಒಂದೇ ಕಡೆ ಜೋರಾಗಿ ಹೊಡೆಯಬೇಕು ಅನ್ನುವುದು ಆ ಕಾಲದ ನಂಬಿಕೆ. ರೊಕೊಸೊವ್‌ಸ್ಕಿ ಬೊಬ್ರುಯಿಸ್ಕ್ ಮೇಲೆ ಎರಡು ಕಡೆಯಿಂದ, ಸಮ ಬಲದಿಂದ ನುಗ್ಗುತ್ತೇನೆ ಅಂದ. ಸ್ಟಾಲಿನ್ ಪಕ್ಕದ ಕೋಣೆಗೆ ಹೋಗಿ ಯೋಚನೆ ಮಾಡಿ ಬನ್ನಿ ಅಂದ. ಹೋದ, ಬಂದ, ಅದೇ ಮಾತು ಹೇಳಿದ. ಮತ್ತೆ ಕಳಿಸಿದ. ಮೊಲೊಟೊವ್, ಮಾಲೆಂಕೊವ್ ಬಂದು ಯಾರ ಜೊತೆ ವಾದ ಮಾಡುತ್ತಿದ್ದೀರಿ ಗೊತ್ತಾ ಅಂದರು. ತಿರುಗಿ ಬಂದು ಅದನ್ನೇ ಹೇಳಿದ. ಇಷ್ಟು ಹಟ ಹಿಡಿಯಬೇಕಾದರೆ ಯೋಚಿಸಿಯೇ ಇರುತ್ತಾನೆ ಅಂತ ಸ್ಟಾಲಿನ್ ಒಪ್ಪಿದ. ಇದು ರೊಕೊಸೊವ್‌ಸ್ಕಿಯೇ ಬರೆದಿಟ್ಟದ್ದು, ಇಷ್ಟು ನಾಟಕೀಯವಾಗಿ ನಡೆದಿರಲಿಕ್ಕಿಲ್ಲ ಅನ್ನುವ ಇತಿಹಾಸಕಾರರೂ ಇದ್ದಾರೆ. ಆದರೆ ಎರಡು ಕಡೆಯಿಂದ ಹೊಡೆದದ್ದು, ಅದು ಫಲ ಕೊಟ್ಟದ್ದು ನಿಜ.

ಯಾಕೆ ಎರಡು ಅಂದರೆ, ಜಾಗ ಹಾಗಿತ್ತು. ಕಾಡು, ಜೌಗು, ನಡುವೆ ಬೆರೆಜಿನಾ ನದಿ. ಒಂದೇ ದಾರಿಯಲ್ಲಿ ಅಷ್ಟೂ ಪಡೆ ನುಗ್ಗಿಸಲು ಜಾಗವೇ ಇಲ್ಲ. ದಕ್ಷಿಣದ ಜೌಗಿನಲ್ಲಿ ಟ್ಯಾಂಕ್ ಬರುವುದು ಸಾಧ್ಯವೇ ಇಲ್ಲ ಅಂತ ಜರ್ಮನರು ನಂಬಿದ್ದರು. ಬಾತೊವ್‌ನ 65ನೇ ಸೇನೆಯ ಸೈನಿಕರು ಮರದ ದಿಮ್ಮಿ ಕಡಿದು ಜೌಗಿನ ಮೇಲೆ ಹಾಸಿ ಟ್ಯಾಂಕ್ ಹೋಗುವಷ್ಟು ಗಟ್ಟಿ ರಸ್ತೆ ಮಾಡಿದರು. ಕೆಸರಲ್ಲಿ ಹೂತುಹೋಗದ ಹಾಗೆ ಕಾಲಿಗೆ ಕಟ್ಟಿಕೊಳ್ಳಲು ಬಳ್ಳಿಯಂಥ ಕಡ್ಡಿಗಳಿಂದ ಅಗಲದ ಪಾದುಕೆ ಹೆಣೆದರು. ಮುಂಚೆಯೇ ಈಜು ಅಭ್ಯಾಸ ಮಾಡಿಸಿದ್ದರು. ಜೂನ್ 24ಕ್ಕೆ ದಾಳಿ ಶುರು, ಮೂರೇ ದಿನದಲ್ಲಿ ಬೊಬ್ರುಯಿಸ್ಕ್ ಸುತ್ತ ಹತ್ತಾರು ಸಾವಿರ ಜರ್ಮನರು ಸಿಕ್ಕಿಬಿದ್ದರು. 29ಕ್ಕೆ ಊರು ಬಿಡುಗಡೆ, ಅದೇ ದಿನ ಈತನಿಗೆ ಮಾರ್ಷಲ್ ಪದವಿ. ಜುಲೈ 3ಕ್ಕೆ ಮಿನ್ಸ್ಕ್. ಜುಲೈ 17ರಂದು ಸುಮಾರು 57,000 ಜರ್ಮನ್ ಕೈದಿಗಳನ್ನು ಮಾಸ್ಕೋ ಬೀದಿಗಳಲ್ಲಿ ನಡೆಸಿದರು.

ವಾರ್ಸಾ ಜನ ಸಾಯುತ್ತಿದ್ದಾಗ ನದಿಯಾಚೆ ಸುಮ್ಮನೆ ನಿಂತಿದ್ದನಾ?

ಈತನ ಬಗ್ಗೆ ಬರುವ ಅತಿ ಕಷ್ಟದ ಪ್ರಶ್ನೆ. 1944ರ ಆಗಸ್ಟ್ 1ರಂದು ಪೋಲಿಷ್ ಭೂಗತ ಸೇನೆ ವಾರ್ಸಾದಲ್ಲಿ ಜರ್ಮನರ ವಿರುದ್ಧ ಎದ್ದಿತು. ಸೋವಿಯತ್ ಪಡೆಗಳು ಹತ್ತಿರದಲ್ಲೇ ಇದ್ದವು. ಅಕ್ಟೋಬರ್ 2ಕ್ಕೆ ಬಂಡಾಯ ಸೋತಿತು. ಒಂದೂವರೆಯಿಂದ ಎರಡು ಲಕ್ಷ ಸಾಮಾನ್ಯ ಜನ ಸತ್ತರು, ನಗರವನ್ನು ಜರ್ಮನರು ಮನೆಮನೆಯಾಗಿ ನೆಲಸಮ ಮಾಡಿದರು. ಈತನ ಸ್ವಂತ ತಂಗಿ ಹೆಲೆನಾ ಆ ನಗರದಲ್ಲೇ ಇದ್ದಳು.

ಮೊದಲ ದಿನಗಳ ಮಟ್ಟಿಗೆ ಈತನ ಪಡೆಗೆ ಶಕ್ತಿ ಇರಲಿಲ್ಲ ಅನ್ನುವುದು ನಿಜ. ಆರು ವಾರದಲ್ಲಿ 500 ಕಿಲೋಮೀಟರಿಗೂ ಜಾಸ್ತಿ ಬಂದು ಸುಸ್ತಾಗಿತ್ತು, ಆಗಸ್ಟ್ ಮೊದಲ ವಾರ ವೊಲೊಮಿನ್ ಹತ್ತಿರ ಜರ್ಮನ್ ಟ್ಯಾಂಕ್‌ಗಳು 2ನೇ ಟ್ಯಾಂಕ್ ಸೇನೆಗೆ ಬಲವಾದ ಪೆಟ್ಟು ಕೊಟ್ಟಿದ್ದವು. ಆದರೆ ಅದಾದ ಮೇಲೆ? ಆಗಸ್ಟ್ 8ರಂದು ಜುಕೋವ್ ಮತ್ತು ರೊಕೊಸೊವ್‌ಸ್ಕಿ ಸೇರಿ ತಿಂಗಳ ಕೊನೆಗೆ ವಾರ್ಸಾ ಹಿಡಿಯುವ ಯೋಜನೆ ಕಳಿಸಿದರು. ಸ್ಟಾಲಿನ್ ಅದನ್ನು ಜಾರಿ ಮಾಡಲಿಲ್ಲ. ಬಂಡಾಯಗಾರರಿಗೆ ನೆರವು ಬೀಳಿಸುವ ಮಿತ್ರರಾಷ್ಟ್ರಗಳ ವಿಮಾನಗಳಿಗೆ ಸೋವಿಯತ್ ನೆಲದಲ್ಲಿ ಇಳಿಯಲು ಸೆಪ್ಟೆಂಬರ್ ತನಕ ಬಿಡಲಿಲ್ಲ. ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರದ ಪರವಾಗಿದ್ದ ಈ ಭೂಗತ ಸೇನೆ ಸತ್ತರೆ ಸ್ಟಾಲಿನ್‌ಗೆ ಲಾಭವೇ ಇತ್ತು. ತಪ್ಪು ಮಾಸ್ಕೋದ್ದು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ರೊಕೊಸೊವ್‌ಸ್ಕಿ? ಆಗಸ್ಟ್ ಕೊನೆಯಲ್ಲಿ ಪತ್ರಕರ್ತ ಅಲೆಕ್ಸಾಂಡರ್ ವೆರ್ತ್ ಕೇಳಿದಾಗ ಬಂಡಾಯವೇ ಒಂದು ಭಯಂಕರ ತಪ್ಪು, ನಮ್ಮ ಜೊತೆ ಮಾತಾಡದೆ ಶುರು ಮಾಡಿದರು ಅಂದ. ಜೀವನಪೂರ್ತಿ ಅದೇ ಮಾತಿಗೆ ಅಂಟಿಕೊಂಡ. ಬೊಬ್ರುಯಿಸ್ಕ್‌ಗಾಗಿ ಹಟ ಹಿಡಿದವನು ವಾರ್ಸಾಗಾಗಿ ಹಿಡಿದನಾ ಅನ್ನುವ ಪ್ರಶ್ನೆಯನ್ನು ನಾನು ತುಂಬಾ ಸಲ ಕೇಳಿಕೊಂಡಿದ್ದೇನೆ. ಹಿಡಿದ ಗುರುತು ಕಾಣುವುದಿಲ್ಲ.

ಬರ್ಲಿನ್ ಹಿಡಿದದ್ದು ಈತ ಯಾಕಲ್ಲ?

1944ರ ನವೆಂಬರ್‌ನಲ್ಲಿ ಸ್ಟಾಲಿನ್ ಫೋನ್ ಮಾಡಿ ನಿಮ್ಮನ್ನು 2ನೇ ಬೆಲಾರೂಸ್ ಫ್ರಂಟ್‌ಗೆ ಹಾಕಿದ್ದೇನೆ ಅಂದ. ಬರ್ಲಿನ್‌ಗೆ ನೇರ ದಾರಿ ಇದ್ದ 1ನೇ ಬೆಲಾರೂಸ್ ಫ್ರಂಟ್ ಜುಕೋವ್‌ಗೆ ಹೋಯಿತು. ನನ್ನ ಮೇಲೆ ಯಾಕೆ ಈ ಅವಕೃಪೆ ಅಂತ ಈತ ಕೇಳಿಯೇಬಿಟ್ಟ. ನೀವು ಮತ್ತು ಕೊನೆವ್ (ಇನ್ನೊಂದು ಮಗ್ಗುಲಿನ ಫ್ರಂಟ್ ಕಮಾಂಡರ್) ಮುಂದೆ ಹೋಗದಿದ್ದರೆ ಜುಕೋವ್ ಕೂಡ ಹೋಗಲಾರ ಅಂತ ಸ್ಟಾಲಿನ್ ಸಮಾಧಾನ ಹೇಳಿದ. ಪೋಲಿಷ್ ಮೂಲದವನ ಕೈಗೆ ಬರ್ಲಿನ್ ಕೊಡಲು ಸ್ಟಾಲಿನ್‌ಗೆ ಮನಸ್ಸಿರಲಿಲ್ಲ ಅಂತ ಹಲವರ ಅನಿಸಿಕೆ, ನನಗೂ ಹಾಗೇ ಅನ್ನಿಸುತ್ತದೆ. ಬೇಸರ ಇದ್ದರೂ ಕೆಲಸದಲ್ಲಿ ತೋರಿಸಲಿಲ್ಲ. ಪೂರ್ವ ಪ್ರಷ್ಯಾ, ಡಾಂಜಿಗ್, ಷ್ಟೆಟಿನ್ ದಾಟಿ ಮೇ 3ರಂದು ಈತನ ಪಡೆ ವಿಸ್ಮಾರ್ ಹತ್ತಿರ ಬ್ರಿಟಿಷರನ್ನು ಸೇರಿತು.

ಪೂರ್ವ ಪ್ರಷ್ಯಾದಲ್ಲಿ ಸೋವಿಯತ್ ಸೈನಿಕರು ಜರ್ಮನ್ ಹೆಂಗಸರ ಮೇಲೆ, ಸಾಮಾನ್ಯರ ಮೇಲೆ ನಡೆಸಿದ ಅತ್ಯಾಚಾರ, ಲೂಟಿಯನ್ನು ಹೇಳದೆ ಮುಂದೆ ಹೋಗಬಾರದು. 1945ರ ಜನವರಿಯಲ್ಲೇ ಈತ ಇದರ ವಿರುದ್ಧ ಕಟ್ಟುನಿಟ್ಟಿನ ಆದೇಶ ಹೊರಡಿಸಿದ. ಆದರೂ ಅದು ನಿಲ್ಲಲಿಲ್ಲ.

ವಿಜಯ ಪರೇಡಿನಲ್ಲಿ ಕಪ್ಪು ಕುದುರೆ ಮೇಲಿದ್ದವನು ಈತನೇನಾ?

ಹೌದು. 1945ರ ಜೂನ್ 24, ಮಾಸ್ಕೋದ ಕೆಂಪು ಚೌಕ, ಸುರಿಯುವ ಮಳೆ. ಬಿಳಿ ಕುದುರೆ ಮೇಲೆ ವಂದನೆ ಸ್ವೀಕರಿಸಿದ್ದು ಜುಕೋವ್, ಕಪ್ಪು ಕುದುರೆ ಮೇಲೆ ಪರೇಡ್ ನಡೆಸಿದ್ದು ರೊಕೊಸೊವ್‌ಸ್ಕಿ.

ಸಿನಿಮಾ ನಟಿಯ ಜೊತೆ ಪ್ರೇಮ?

ಅದು ಮಾಸ್ಕೋದ ಗಾಳಿಮಾತು. ಸೇನೆಯ ವೈದ್ಯೆಯೊಬ್ಬಳ ಜೊತೆಗಿನ ಸಂಬಂಧ ಮಾತ್ರ ನಿಜ, 1945ರಲ್ಲಿ ಆಕೆಗೆ ಹುಟ್ಟಿದ ಮಗಳಿಗೆ ತನ್ನ ಹೆಸರು ಕೊಟ್ಟ.

ಸೋವಿಯತ್ ಮಾರ್ಷಲ್ ಪೋಲೆಂಡಿಗೆ ಮಂತ್ರಿ ಆಗಿದ್ದು ಹೇಗೆ?

1949ರ ನವೆಂಬರ್‌ನಲ್ಲಿ ಸ್ಟಾಲಿನ್ ಕಳಿಸಿದ. ಕಾಗದದಲ್ಲಿ ಪೋಲೆಂಡ್ ಅಧ್ಯಕ್ಷ ಬಿಯೆರುತ್‌ನ ಕೋರಿಕೆ. ರಕ್ಷಣಾ ಮಂತ್ರಿ, ಜೊತೆಗೆ ಪೋಲೆಂಡಿನ ಮಾರ್ಷಲ್. ಎರಡು ದೇಶದ ಮಾರ್ಷಲ್ ಆದ, ಆದರೆ ಪೋಲಿಷ್ ಜನರ ಕಣ್ಣಿಗೆ ಮಾಸ್ಕೋದ ಆಳು. ರಷ್ಯಾದಲ್ಲಿ ನನ್ನನ್ನು ಪೋಲಿಷ್ ಅನ್ನುತ್ತಾರೆ, ಪೋಲೆಂಡಿನಲ್ಲಿ ರಷ್ಯನ್ ಅನ್ನುತ್ತಾರೆ ಅಂತ ಹೇಳಿಕೊಂಡಿದ್ದನಂತೆ.

ಅವನ ನೋವು ಅರ್ಥವಾಗುತ್ತದೆ, ಆದರೆ ಪೋಲಿಷರ ಸಿಟ್ಟಿಗೂ ಕಾರಣ ಇತ್ತು. ಈತ ಮಂತ್ರಿಯಾಗಿದ್ದ ಕಾಲದಲ್ಲೇ ಪೋಲಿಷ್ ಅಧಿಕಾರಿಗಳನ್ನು ಸುಳ್ಳು ಆರೋಪದ ಮೇಲೆ ಸೇನಾ ಕೋರ್ಟುಗಳು ಶಿಕ್ಷಿಸಿದವು, ಕೆಲವರನ್ನು ಗಲ್ಲಿಗೂ ಗುಂಡಿಗೂ ಕೊಟ್ಟವು. ತಾನೇ ಅಂಥದ್ದೇ ಕೇಸಿನಲ್ಲಿ ಹಲ್ಲು ಕಳೆದುಕೊಂಡವನು ಇದಕ್ಕೆ ಮುಖ್ಯಸ್ಥನಾಗಿ ಕೂತದ್ದನ್ನು ನನಗೆ ಒಪ್ಪಿಕೊಳ್ಳಲು ಆಗುವುದಿಲ್ಲ. 1956ರ ಜೂನ್ 28ರಂದು ಪೊಜ್ನಾನ್‌ನಲ್ಲಿ ಕಾರ್ಮಿಕರು ಅನ್ನ, ಕೂಲಿ ಕೇಳಿ ಬೀದಿಗೆ ಇಳಿದಾಗ ಟ್ಯಾಂಕ್ ಕಳಿಸಿದರು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್‌ನಲ್ಲಿ ಪೋಲಿಷ್ ಕಮ್ಯುನಿಸ್ಟ್ ನಾಯಕ ಗೊಮುಲ್ಕಾ ಅಧಿಕಾರಕ್ಕೆ ಬಂದಾಗ ಮೊದಲ ಬೇಡಿಕೆಗಳಲ್ಲಿ ಒಂದು ಈತ ಹೋಗಬೇಕು ಅನ್ನುವುದು. ನವೆಂಬರ್‌ನಲ್ಲಿ ಮಾಸ್ಕೋಗೆ ವಾಪಸ್ ಹೋದ.

ಕೊನೆಯ ವರ್ಷಗಳು ಹೇಗಿದ್ದವು?

ಸೋವಿಯತ್ ರಕ್ಷಣಾ ಇಲಾಖೆಯಲ್ಲಿ ಉಪಮಂತ್ರಿಯಾದ. 1957ರಲ್ಲಿ ಸ್ಟಾಲಿನ್ ನಂತರದ ಸೋವಿಯತ್ ನಾಯಕ ಕ್ರುಶ್ಚೇವ್ ಜುಕೋವ್‌ನನ್ನು ಕೆಳಗಿಳಿಸಿದಾಗ ನಡೆದ ಸಭೆಯಲ್ಲಿ ಈತನೂ ಜುಕೋವ್ ವಿರುದ್ಧ ಮಾತಾಡಿದ, ಹಳೆಯ ಒರಟುತನವನ್ನೆಲ್ಲ ಎತ್ತಿ ಹೇಳಿದ. ಹೇಳಿದ್ದು ಸುಳ್ಳಲ್ಲ, ಆದರೆ ಎಲ್ಲರೂ ಸೇರಿ ಒಬ್ಬನನ್ನು ತುಳಿಯುವ ಸಭೆಯಲ್ಲಿ ಅದನ್ನು ಹೇಳಬಾರದಿತ್ತು. 1962ರಲ್ಲಿ ಹುದ್ದೆ ಹೋಯಿತು. ಸ್ಟಾಲಿನ್ ವಿರುದ್ಧ ಲೇಖನ ಬರೆ ಅಂದ ಕ್ರುಶ್ಚೇವ್‌ಗೆ ಆಗಲ್ಲ ಅಂದದ್ದೇ ಕಾರಣ ಅಂತ ಒಂದು ಮಾತಿದೆ, ದಾಖಲೆ ಇಲ್ಲ. ಆಮೇಲೆ ಕೂತು ನೆನಪುಗಳನ್ನು ಬರೆದ. 1968ರ ಆಗಸ್ಟ್ 3ರಂದು ಕ್ಯಾನ್ಸರ್‌ನಿಂದ ತೀರಿಕೊಂಡ. ಚಿತಾಭಸ್ಮ ಕ್ರೆಮ್ಲಿನ್ ಗೋಡೆಯಲ್ಲಿದೆ.

ಈತನ ಬಗ್ಗೆ ಓದಬೇಕು, ಎಲ್ಲಿಂದ ಶುರು ಮಾಡಲಿ?

ಈತನೇ ಬರೆದ ನೆನಪುಗಳಿಂದ. ಇಂಗ್ಲಿಷಿನಲ್ಲಿ ಸಿಗುತ್ತದೆ. ಆದರೆ 1968ರ ಮೊದಲ ಮುದ್ರಣದಲ್ಲಿ ಸೆನ್ಸಾರ್ ಕತ್ತರಿ ಜೋರಾಗಿ ಆಡಿದೆ ಅನ್ನುವುದು ತಲೆಯಲ್ಲಿರಲಿ. ಯುದ್ಧದ ಶುರುವಿನ ಸೋಲುಗಳ ಬಗ್ಗೆ, ಜುಕೋವ್ ಬಗ್ಗೆ ಬರೆದ ಖಾರದ ಭಾಗಗಳು 1997ರ ರಷ್ಯನ್ ಮುದ್ರಣದಲ್ಲಷ್ಟೇ ವಾಪಸ್ ಬಂದವು. ಆದ್ದರಿಂದ ಯಾವ ಮುದ್ರಣದಿಂದ ಮಾಡಿದ ಅನುವಾದ ಅಂತ ನೋಡಿಕೊಳ್ಳಿ. ವಾರ್ಸಾ ಅಧ್ಯಾಯ ಓದುವಾಗ ಪಕ್ಕದಲ್ಲಿ ಪೋಲಿಷ್ ಇತಿಹಾಸಕಾರರು ಬರೆದದ್ದನ್ನೂ ಇಟ್ಟುಕೊಂಡು ಓದಿ, ಒಂದನ್ನೇ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಸಮಯ ಕಮ್ಮಿ ಇದ್ದರೆ 1941ರ ಅಧ್ಯಾಯಗಳನ್ನಾದರೂ ಓದಿ. ರಸೀದಿ, ಒಂಟಿ ಗುಂಡಿ, ವ್ಯಾಜ್ಮಾದ ಕಾಗದ ಎಲ್ಲ ಇರುವುದು ಅಲ್ಲೇ.